ಕುಬಸ ಮುಗಿಸಿ ತವರಿಗೆ ಬಂದ ಗರ್ಭಿಣಿ ಯಾರ ಲೆಕ್ಕದಲ್ಲಿ?

ಕಾಗಿಣಾ ದಂಡೆ (ಚರ್ಚೆ ಆರಂಭಿಸಿದವರು)

ನನ್ನದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ತಾಯಿ ಕಾರ್ಡ್, ಆಧಾರ್, ಪಾಸ್‌ಬುಕ್ ಹಿಡಿದು ವಾರಕ್ಕೆ ನಾಲ್ಕೈದು ಗರ್ಭಿಣಿಯರಾದರೂ ಬರುತ್ತಾರೆ. ಇಷ್ಟು ವರ್ಷ ಆ ಕಾರ್ಡನ್ನು ಗಾಜಿನ ಮೇಲೆ ಬೋರಲು ಹಾಕಿ ಗುಂಡಿ ಒತ್ತಿದ್ದೇನೆಯೇ ಹೊರತು ಒಳಗೆ ಏನು ಬರೆದಿದೆ ಎಂದು ಒಮ್ಮೆಯೂ ಓದಿದವನಲ್ಲ. ಮನೆಯಲ್ಲೇ ಪೆಟ್ಟು ಬಿದ್ದ ಮೇಲೆ ಓದುವುದನ್ನು ಕಲಿತಿದ್ದೇನೆ.

ತಂಗಿಯನ್ನು ಜೇವರ್ಗಿ ಕಡೆ ಕೊಟ್ಟಿದ್ದೇವೆ. ಚೊಚ್ಚಲ ಬಸಿರು. ಏಳನೇ ತಿಂಗಳಲ್ಲಿ ಕುಬಸ (ಸೀಮಂತ) ಮಾಡಿ, ಉಡಿ ತುಂಬಿಸಿ ಕರೆತಂದೆವು. ಹಸಿರು ಬಳೆ, ಸೀರೆ, ಐದು ಬಗೆಯ ಸಿಹಿ, ಒಂದು ಚೀಲ ಜೋಳ, ಎಲ್ಲವೂ ಬಂದವು. ತಾಯಿ ಕಾರ್ಡ್ ಮಾತ್ರ ಅವಳ ಅತ್ತೆಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಭದ್ರವಾಗಿ ಉಳಿಯಿತು. ಅವರು ಬಚ್ಚಿಟ್ಟದ್ದಲ್ಲ, ಕಾಗದ ಪತ್ರ ಕಳೆಯಬಾರದೆಂದು ಜೋಪಾನ ಮಾಡಿದ್ದು.

ಬಂದ ಮೇಲೆ ಒಂದೂವರೆ ತಿಂಗಳು ಆರೋಗ್ಯ ಇಲಾಖೆಯವರು ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ. ನಾನೇ ಹೋಗಿ ನಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿದೆ. "ಮದುವೆಯಾಗಿ ಹೋದವಳ ಹೆಸರು ನನ್ನ ರಿಜಿಸ್ಟರಿನಲ್ಲಿ ಹೇಗೆ ಇರುತ್ತದೆ? ಬಂದಿದ್ದಾಳೆಂದು ನೀವು ಹೇಳಲೂ ಇಲ್ಲ" ಎಂದರು. ಗಂಡನೂರಿನ ಆಶಾಗೆ ಫೋನ್ ಮಾಡಿದರೆ, "ತವರಿಗೆ ಹೋದಳೆಂದು ಬರೆದುಕೊಂಡಿದ್ದೇನಲ್ಲ" ಎಂದರು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ಇಬ್ಬರ ಲೆಕ್ಕದಲ್ಲೂ ನನ್ನ ತಂಗಿ ಇರಲಿಲ್ಲ.

ನೋವು ಶುರುವಾದ ರಾತ್ರಿ ಆಸ್ಪತ್ರೆಗೆ ಹೋದೆವು. ಬೆರಳು ಚುಚ್ಚಿ ನೋಡಿದರು, ಹಿಮೋಗ್ಲೋಬಿನ್ 6.8. ಇಲ್ಲಿ ಆಗುವುದಿಲ್ಲವೆಂದು ಮುಂದಕ್ಕೆ ಕಳುಹಿಸಿದರು. ಆಂಬುಲೆನ್ಸಿನಲ್ಲಿ ಅವಳ ಕೈ ನನ್ನ ಕೈಯಲ್ಲಿತ್ತು. ಅಂಗೈ ಜೋಳದ ಹಿಟ್ಟಿನ ಬಣ್ಣವಾಗಿತ್ತು. ಎರಡು ಬಾಟಲಿ ರಕ್ತ ಏರಿಸಿದರು. ಹೆಣ್ಣು ಮಗು, 2.3 ಕೆಜಿ. ಈಗ ಇಬ್ಬರೂ ಮನೆಯಲ್ಲಿದ್ದಾರೆ, ಹುಷಾರಾಗಿದ್ದಾರೆ.

ಆಮೇಲೆ ಭಾವ ಕಾರ್ಡಿನ ಫೋಟೊ ಕಳುಹಿಸಿದ. ಐದನೇ ತಿಂಗಳ ಸಾಲಿನಲ್ಲಿ ಹಿಮೋಗ್ಲೋಬಿನ್ 8.1 ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಅದರ ಮುಂದಿನ ಸಾಲುಗಳೆಲ್ಲ ಖಾಲಿ.

ಇದು ನಮ್ಮ ಮನೆಯ ಮರೆವೋ, ಎಲ್ಲ ಊರುಗಳಲ್ಲೂ ಇರುವ ಬಿರುಕೋ? ಬಲ್ಲವರು ಬರೆಯಿರಿ.

ಆಶಾ, ಶಹಾಪುರ ತಾಲ್ಲೂಕು

ಅಣ್ಣ, ತಂಗಿ ಮಗು ಕ್ಷೇಮವಾಗಿದ್ದಾರೆ ಎಂದು ಓದಿ ಸಮಾಧಾನವಾಯಿತು. ನಿಮ್ಮ ಎರಡೂ ಊರಿನ ಆಶಾಗಳ ಪರವಾಗಿ ನಾನು ವಾದ ಮಾಡುವುದಿಲ್ಲ. ಬಿರುಕು ಇದೆ, ಅದು ಎಲ್ಲಿದೆ ಎಂದು ಹೇಳುತ್ತೇನೆ.

ನಮ್ಮ ರಿಜಿಸ್ಟರಿನಲ್ಲಿ ಊರಿನ ಸೊಸೆಯಂದಿರಿದ್ದಾರೆ, ಊರಿನ ಹೆಣ್ಣುಮಕ್ಕಳಿಲ್ಲ. ಮನೆ ಮನೆ ಸಮೀಕ್ಷೆ ಮಾಡುವಾಗ ಆ ಮನೆಯಲ್ಲಿ ವಾಸ ಇರುವ ದಂಪತಿಯ ಹೆಸರು ಬರೆಯುತ್ತೇವೆ. ಮುಟ್ಟು ತಪ್ಪಿದೆ ಎಂದು ತಿಳಿದರೆ ನಿಶ್ಚಯ್ ಕಿಟ್‌ನಲ್ಲಿ ಪರೀಕ್ಷೆ ಮಾಡಿ, 12 ವಾರದೊಳಗೆ ಸಿಸ್ಟರ್ ಬಳಿ ನೋಂದಣಿ ಮಾಡಿಸಿ ಕಾರ್ಡ್ ಕೊಡಿಸುತ್ತೇವೆ. ಅಲ್ಲಿಂದ ಆರೇಳು ತಿಂಗಳ ತನಕ ಅವಳ ಬೆನ್ನ ಹಿಂದೆಯೇ ಇರುತ್ತೇವೆ. ಸರಿಯಾಗಿ ಅಪಾಯ ಹೆಚ್ಚುವ ಹೊತ್ತಿಗೆ ನಮ್ಮ ಕಡೆಯ ಪದ್ಧತಿ ಅವಳನ್ನು ಎತ್ತಿ ಬೇರೆ ಊರಲ್ಲಿ ಇಡುತ್ತದೆ. ಚೊಚ್ಚಲ ಹೆರಿಗೆಯಾದರೆ ಹತ್ತರಲ್ಲಿ ಎಂಟು ಮಂದಿ ಹೀಗೆ ಹೋಗುವವರೇ ಎಂದು ನನ್ನ ಅಂದಾಜು. ನನ್ನ ಊರಿನ ಅನುಭವದ ಮಾತು ಇದು, ಸರ್ಕಾರದ ಅಂಕಿಯಲ್ಲ.

ನಾನು ಮಾಡುವುದು ಇಷ್ಟೇ. ನನ್ನ ಡೈರಿಯ ಹಿಂದಿನ ಪುಟದಿಂದ ಇನ್ನೊಂದು ಲೆಕ್ಕ ಇಟ್ಟಿದ್ದೇನೆ. ಅದರಲ್ಲಿ ಹೊರಗೆ ಕೊಟ್ಟ ಊರ ಹೆಣ್ಣುಮಕ್ಕಳ ಹೆಸರು. ನೀರಿನ ಟ್ಯಾಂಕಿನ ಹತ್ತಿರ ನಿಂತರೆ ಯಾರ ಮಗಳು ಬಸಿರಾದಳು, ಯಾರ ಕುಬಸ ಯಾವ ದಿನ ಎಂಬುದು ತಾನಾಗಿಯೇ ಕಿವಿಗೆ ಬೀಳುತ್ತದೆ. ಬಸ್ಸಿಳಿದ ವಾರದೊಳಗೆ ಹೋಗಿ ಕಾರ್ಡ್ ಕೇಳುತ್ತೇನೆ. ಇಲ್ಲವೆಂದರೆ ಗಂಡನೂರಿನ ಆಶಾ ನಂಬರ್ ಹುಡುಕಿ, ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡಿನ ನಾಲ್ಕು ಪುಟ ತರಿಸಿಕೊಳ್ಳುತ್ತೇನೆ. ಹೀಗೆ ಮಾಡು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಒಮ್ಮೆ ಕೈ ಸುಟ್ಟುಕೊಂಡ ಮೇಲೆ ಶುರು ಮಾಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ತೊಗರಿ ಹೊಲ

ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮೂರಿನಲ್ಲಿ ಹೆರಿಗೆಯ ಹಣ ಸಿಗುವ ಕೇಸಾದರೆ ಆಶಾ ದಿನಕ್ಕೆ ಎರಡು ಸಲ ಬರುತ್ತಾರೆ. ಖಾಸಗಿ ಆಸ್ಪತ್ರೆಗೆ ಹೋಗುತ್ತೇವೆ ಎಂದರೆ ಮರುದಿನದಿಂದ ನಾಪತ್ತೆ. ತವರಿಗೆ ಬಂದ ಹುಡುಗಿಯಿಂದ ತಮಗೆ ಏನೂ ದಕ್ಕುವುದಿಲ್ಲ ಎಂಬ ಲೆಕ್ಕವೇ ಇದರ ಬುಡದಲ್ಲಿದೆ. ಮೂಗಿಗಿಂತ ಮೂಗುತಿ ಭಾರವಾದರೆ ಹೀಗೇ.

ಆಶಾ, ಶಹಾಪುರ ತಾಲ್ಲೂಕು

ಕಾಕಾ, ಬೇಸರವಿಲ್ಲ. ಮೂಗುತಿಯ ತೂಕ ಎಷ್ಟೆಂದು ಹೇಳಿಬಿಡುತ್ತೇನೆ.

ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಆಶಾಗೆ ಒಂದು ಹೆರಿಗೆಗೆ 600 ರೂಪಾಯಿ. ಅದರಲ್ಲಿ 300 ಬಸಿರಿನಲ್ಲಿ ತಪಾಸಣೆ ಮಾಡಿಸಿದ್ದಕ್ಕೆ, 300 ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದಕ್ಕೆ. ಹುಡುಗಿ ತವರಿಗೆ ಹೋದರೆ ಮೊದಲಿನ 300 ಅಲ್ಲಿ, ಎರಡನೆಯ 300 ಇಲ್ಲಿ ಎಂದು ಹರಿದು ಹಂಚಿಹೋಗುತ್ತದೆ. ನಿಜದಲ್ಲಿ ಎಷ್ಟೋ ಸಲ ಎರಡನೆಯದು ಯಾರಿಗೂ ಸಿಗುವುದಿಲ್ಲ, ಯಾಕೆಂದರೆ ದಾಖಲೆ ಒಂದು ಊರಿನದು, ಕೆಲಸ ಇನ್ನೊಂದು ಊರಿನದು. ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಮನೆಗೆ ಹೋಗಿ ಮಗು ತೂಗಬೇಕು, ಜ್ವರ ನೋಡಬೇಕು, ಉಸಿರು ಎಣಿಸಬೇಕು. ಆರು ಭೇಟಿಗೆ ಒಟ್ಟು 250 ರೂಪಾಯಿ. ಒಂದು ಭೇಟಿಗೆ ಎಷ್ಟಾಯಿತು ಎಂದು ನೀವೇ ಭಾಗಿಸಿ ನೋಡಿ. ಹೊಲದ ವಸತಿಯಲ್ಲಿ ಮನೆ ಇದ್ದರೆ ಆಟೋಗೇ ಅದು ಮುಗಿಯಿತು.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತ ಸಾವಿರಾರು ಜನರಲ್ಲಿ ನಾನೂ ಇದ್ದೆ. ಏಪ್ರಿಲ್‌ನಿಂದ ತಿಂಗಳಿಗೆ 10,000 ರೂಪಾಯಿ ಖಾತರಿ ಎಂಬ ಮಾತು ಪಡೆದು ಎದ್ದು ಬಂದೆವು. ಮಾತು ದುಡ್ಡಾಗಲೆಂದು ಅದೇ ವರ್ಷ ಮತ್ತೆ ಬೀದಿಗೆ ಇಳಿಯಬೇಕಾಯಿತು. ದುಡ್ಡಿಗಾಗಿ ಬರುತ್ತೇವೆ ಎಂಬುದು ಸುಳ್ಳಲ್ಲ ಕಾಕಾ. ದುಡಿಯುವವರು ಯಾರು ದುಡ್ಡಿಗಾಗಿ ಹೋಗುವುದಿಲ್ಲ? ಆದರೆ ನಮಗೆ ಕೆಲಸವನ್ನು ತುಂಡು ತುಂಡು ಮಾಡಿ ಬೆಲೆ ಕಟ್ಟಿದ್ದಾರೆ. ಎರಡು ತುಂಡುಗಳ ನಡುವಿನ ಕೆಲಸಕ್ಕೆ ಬೆಲೆಯಿಲ್ಲ. ಈ ಅಣ್ಣನ ತಂಗಿ ಸಿಕ್ಕಿಕೊಂಡಿದ್ದು ಅಲ್ಲಿಯೇ.

ಭಾಲ್ಕಿ ಸಿಸ್ಟರ್ (ನಿವೃತ್ತಿ)

ಮೂವತ್ತು ವರ್ಷಕ್ಕಿಂತ ಹೆಚ್ಚು ಎಎನ್‌ಎಂ ಎಂಬ ಉಪಕೇಂದ್ರದ ನರ್ಸ್ ಆಗಿ ದುಡಿದವಳು ನಾನು. ಆಗ ನಮ್ಮನ್ನು ನರ್ಸಬಾಯಿ ಎನ್ನುತ್ತಿದ್ದರು. ಈಗಿನವರ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದನೆಯ ಹೆಸರಿದೆ, ಜನ ಮಾತ್ರ ಸಿಸ್ಟರ್ ಎಂದೇ ಕರೆಯುತ್ತಾರೆ.

ಎಲ್ಲರೂ ಆಶಾ ಮೇಲೆ ಬೀಳುತ್ತಿದ್ದೀರಿ. ಐದನೇ ತಿಂಗಳಲ್ಲಿ 8.1 ಬಂದ ಹುಡುಗಿಯ ಕಾರ್ಡಿಗೆ ಅಡಿಗೆರೆ ಎಳೆದವರು ಯಾರು? ಆಶಾ ಅಲ್ಲ, ಉಪಕೇಂದ್ರದ ಸಿಸ್ಟರ್. ಅಡಿಗೆರೆ ಎಳೆದ ಮೇಲೆ ಈ ಹುಡುಗಿ ಎಲ್ಲಿದ್ದಾಳೆ ಎಂದು ಹುಡುಕುವುದು ಅವರ ಪಾಲಿನ ಕೆಲಸ. ಆಶಾ ಊರಿನವಳೇ ಆದ ಹೆಣ್ಣುಮಗಳು, ಸಾವಿರ ಜನಸಂಖ್ಯೆಗೆ ಒಬ್ಬಳು. ಅವಳು ದಾರಿ ತೋರುವವಳು, ಕೈ ಹಿಡಿದು ಕರೆತರುವವಳು. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಬಂದಾಗ ನಮಗೆ ಹೇಳಿದ್ದು ಅದನ್ನೇ. ಆಮೇಲೆ ಕ್ಷಯ, ಕುಷ್ಠ, ಸಮೀಕ್ಷೆ, ಆ್ಯಪ್ ಎಂದು ಎಲ್ಲವನ್ನೂ ಅವಳ ತಲೆಯ ಮೇಲೆ ಪೇರಿಸಿದರು.

ಇನ್ನು ಮನೆಯವರಿಗೆ ಒಂದು ಮಾತು. ಜೆರಾಕ್ಸ್ ಅಂಗಡಿಯ ತಮ್ಮಾ, ಕುಬಸಕ್ಕೆ ಹೋದ ಹೆಂಗಸರಲ್ಲಿ ಒಬ್ಬಳಾದರೂ "ಅವಳ ಕಬ್ಬಿಣಾಂಶದ ಕೆಂಪು ಮಾತ್ರೆ ಎಲ್ಲಿ" ಎಂದು ಕೇಳಿದಳೇ? ಕಾರ್ಡಿನಂತೆಯೇ ಮಾತ್ರೆಯೂ ಗಂಡನ ಮನೆಯಲ್ಲೇ ಉಳಿದಿರುತ್ತದೆ, ಪಂದ್ಯ ಕಟ್ಟುತ್ತೇನೆ.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ ಎಂದು ಲೋಟ ಎಣಿಸಿ ಕೊಡುವ ಮನೆ ನಮ್ಮ ಕಡೆ ಈಗಲೂ ಇದೆ. ಮಂಚದ ಕೆಳಗೆ ಕೆಂಡದ ಬುಟ್ಟಿ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ಬಿಳಿ ಅನ್ನ ಬೆಳ್ಳುಳ್ಳಿಯಲ್ಲೇ ತಿಂಗಳು ಕಳೆಯುತ್ತಾರೆ. ನಾನು ಯೂನಿಫಾರ್ಮಿನಲ್ಲಿ ಹೋಗಿ ಬೈದರೆ ಹ್ಞೂಂ ಎನ್ನುತ್ತಿದ್ದರು, ನಾನು ಹೊಸ್ತಿಲು ದಾಟಿದ ಮೇಲೆ ಮತ್ತೆ ಅದೇ. ಆಶಾ ಬಂದ ಮೇಲೆ ಬದಲಾದದ್ದು ಇದು: ಅವಳು ಅದೇ ಓಣಿಯವಳು, ಅವಳೂ ಅದೇ ಕೆಂಡದ ಮೇಲೆ ಮಲಗಿ ಎದ್ದವಳು. ಅತ್ತೆಯ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಅವಳು ಹೇಳಿದ್ದು ಒಳಗೆ ಇಳಿಯುತ್ತಿತ್ತು.

ಕಾಗಿಣಾ ದಂಡೆ

ಸಿಸ್ಟರ್, ನೀವು ಪಂದ್ಯ ಗೆದ್ದಿರಿ. ಭಾವನನ್ನು ಕೇಳಿದೆ. ಮಾತ್ರೆಯ ಮೂರು ಪಟ್ಟಿಗಳು ದೇವರ ಮಾಡಿನಲ್ಲಿವೆಯಂತೆ. ಒಂದರಲ್ಲಿ ಎರಡೇ ಗುಳಿಗೆ ಒಡೆದಿವೆ.

ಪಿಎಚ್‌ಸಿ ವೈದ್ಯ, ಯಾದಗಿರಿ ಜಿಲ್ಲೆ

ಮಾತ್ರೆ ಮಾಡಿನಲ್ಲಿ ಉಳಿಯುವುದಕ್ಕೆ ಕಾರಣ ಸೋಮಾರಿತನ ಎಂದು ನಾನೂ ಮೊದಲು ತಿಳಿದಿದ್ದೆ. ಕೇಳಿದಾಗ ಹೆಂಗಸರು ಹೇಳಿದ್ದು ಬೇರೆ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಮಗು ಕಪ್ಪಾಗಿ ಹುಟ್ಟುತ್ತದಂತೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದಂತೆ. ಮಲ ಕಪ್ಪಾಗುವುದು ನಿಜ, ಅದು ಕಬ್ಬಿಣಾಂಶದ ಬಣ್ಣ, ಹೆದರಬೇಕಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ.

ಲೆಕ್ಕ ಇಷ್ಟು. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ನಾಲ್ಕನೇ ತಿಂಗಳು ಶುರುವಾದಾಗಿನಿಂದ ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆ, ಹೆರಿಗೆಯಾದ ಮೇಲೆ ಮತ್ತೆ 180. ಈ ತಂಗಿಯಂತೆ 8.1 ಇದ್ದವರಿಗೆ ದಿನಕ್ಕೆ ಎರಡು ಮಾತ್ರೆ ಕೊಟ್ಟು ತಿಂಗಳಿಗೊಮ್ಮೆ ಮತ್ತೆ ರಕ್ತ ನೋಡಬೇಕು. ಏರದಿದ್ದರೆ, ಅಥವಾ ದಿನ ಹತ್ತಿರ ಬಂದಿದ್ದರೆ, ಕಬ್ಬಿಣಾಂಶದ ಇಂಜೆಕ್ಷನ್ನನ್ನು ನರಕ್ಕೆ ಕೊಡುತ್ತೇವೆ. ಐದನೇ ತಿಂಗಳಲ್ಲಿ ಸಿಕ್ಕ 8.1 ಎಂದರೆ ಕೈಯಲ್ಲಿ ನಾಲ್ಕು ತಿಂಗಳು ಇದ್ದವು ಎಂದರ್ಥ.

7ಕ್ಕಿಂತ ಕೆಳಗೆ ಯಾಕೆ ಅಷ್ಟು ಭಯ? ಎಲ್ಲ ಹೆರಿಗೆಯಲ್ಲೂ ಸ್ವಲ್ಪ ರಕ್ತ ಹೋಗುತ್ತದೆ. ಗಟ್ಟಿಮುಟ್ಟಾದವಳು ಅರ್ಧ ಲೀಟರ್ ಕಳೆದುಕೊಂಡರೂ ತಡೆದುಕೊಂಡು ಎದ್ದು ಕೂರುತ್ತಾಳೆ. 6.8 ಇದ್ದವಳಿಗೆ ಅದೇ ಅರ್ಧ ಲೀಟರ್ ಪ್ರಾಣಕ್ಕೆ ಕುತ್ತು.

ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ. ನಮ್ಮ ಜಿಲ್ಲೆಯಲ್ಲಿ ಎಲ್ಲದಕ್ಕೂ ಚಹಾ ಕುಡಿಯುವವರೇ, ಅದಕ್ಕೇ ಹೇಳುತ್ತಿದ್ದೇನೆ. ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ನಿಂಬೆಹಣ್ಣಿನ ನೀರಿನೊಂದಿಗೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದೂ ಕಡಿಮೆ, ಮೈಗೆ ಹತ್ತುವುದೂ ಹೆಚ್ಚು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ.

ಇನ್ನೊಂದು ಮಾತು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದಲೇ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಅಲ್ಲಿ ನೀವು ಯಾವ ಊರಿನ ಸೊಸೆ ಎಂದು ಕೇಳಿ ವಾಪಸ್ ಕಳುಹಿಸುವುದಿಲ್ಲ, ಕಳುಹಿಸಲೂಬಾರದು. ಕಾರ್ಡ್ ಇಲ್ಲದಿದ್ದರೂ ಬನ್ನಿ.

ತಾಂಡಾ ಮಾಸ್ತರ, ಚಿಂಚೋಳಿ

ನೀವೆಲ್ಲ ತವರು ಎಂದು ಒಂದು ಊರಿನ ಬಗ್ಗೆ ಮಾತನಾಡುತ್ತಿದ್ದೀರಿ. ನಮ್ಮ ತಾಂಡಾಗಳಲ್ಲಿ ಗರ್ಭಿಣಿ ತವರಿಗೂ ಹೋಗುವುದಿಲ್ಲ, ಗುಳೆ ಹೋಗುತ್ತಾಳೆ. ದೀಪಾವಳಿ ಮುಗಿದರೆ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸ. ಇನ್ನು ಕೆಲವರು ಕಬ್ಬು ಕಡಿಯಲು ಗಡಿಯಾಚೆ. ಕಬ್ಬಿನಲ್ಲಿ ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಎಂದು ಕೂಲಿಕಾರರನ್ನು ಕರೆದೊಯ್ಯುವ ಮುಕಾದಮ್ ಮುಂಗಡ ಕೊಟ್ಟಿರುತ್ತಾನೆ. ಹೆಂಡತಿ ಬಸಿರಿ ಎಂದು ಬಿಟ್ಟುಹೋದರೆ ಅರ್ಧ ಕೋಯ್ತಾ. ಮುಂಗಡ ಯಾರು ತೀರಿಸುತ್ತಾರೆ?

ನಮ್ಮ ತಾಂಡಾದ ಆಶಾ ಅಕ್ಕ ಲಂಬಾಣಿ ಮಾತನಾಡುವವಳು. ಅದು ದೊಡ್ಡ ಅನುಕೂಲ. ನನ್ನ ತಾಯಿಯ ಕಾಲದಲ್ಲಿ ಬರುತ್ತಿದ್ದವರು ಕನ್ನಡದಲ್ಲಿ ಹೇಳಿ ಹೋಗುತ್ತಿದ್ದರು, ನಮ್ಮ ಹೆಂಗಸರು ತಲೆಯಾಡಿಸುತ್ತಿದ್ದರು, ಮುಗಿಯಿತು. ಈಗಿನ ಅಕ್ಕ ಲಾರಿ ಹೊರಡುವ ಹಿಂದಿನ ರಾತ್ರಿ ತಾಂಡಾದಲ್ಲಿ ಸುತ್ತುತ್ತಾಳೆ. ಬಸುರಿಯರಿಗೆ ಎರಡು ತಿಂಗಳ ಮಾತ್ರೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾರ್ಡ್. ಚೀಲದ ಮೇಲೆ ತನ್ನ ನಂಬರನ್ನು ದಪ್ಪ ಪೆನ್ನಿನಲ್ಲಿ ಬರೆದಿರುತ್ತಾಳೆ. ಹೋದ ವರ್ಷ ಅಲ್ಲಿನ ಒಬ್ಬ ನರ್ಸ್ ಆ ನಂಬರಿಗೆ ಫೋನ್ ಮಾಡಿ ಮರಾಠಿಯಲ್ಲಿ ಏನೋ ಕೇಳಿದಾಗ ಅಕ್ಕ ನನ್ನನ್ನು ಶಾಲೆಯಿಂದ ಕರೆಸಿದಳು. ಕೇಳಿದ್ದು ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ) ಚುಚ್ಚುಮದ್ದು ಎಷ್ಟಾಗಿದೆ ಎಂದು. ಅಷ್ಟೇ. ಆದರೆ ಆ ಫೋನ್ ಬಂತಲ್ಲ!

ತೊಗರಿ ಹೊಲ

ಮಾಸ್ತರರ ಮಾತು ಓದಿ ಸ್ವಲ್ಪ ಸುಮ್ಮನೆ ಕುಳಿತೆ. ನಮ್ಮೂರ ಆಶಾ ಬಗ್ಗೆ ನನ್ನ ದೂರು ಹಾಗೆಯೇ ಇದೆ, ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ವಿಷಯ ಕೇಳಬೇಕು. ನನ್ನ ಮಗಳನ್ನು ಅಕ್ಕಲಕೋಟೆ ಕಡೆ ಕೊಟ್ಟಿದ್ದೇವೆ. ಅವಳಿಗೀಗ ಏಳನೇ ತಿಂಗಳು. ಅಲ್ಲಿಯ ಕಾರ್ಡ್ ಮರಾಠಿಯಲ್ಲಿದೆ. ಆಳಂದ ತಾಲ್ಲೂಕಿನ ನಮ್ಮ ಆಶಾಗೆ ಅದು ಓದಲು ಬರುತ್ತದೆಯೇ? ರಾಜ್ಯವೇ ಬೇರೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುತ್ತಾರೆಯೇ?

ಪಿಎಚ್‌ಸಿ ವೈದ್ಯ, ಯಾದಗಿರಿ ಜಿಲ್ಲೆ

ಕೇಳುವಂತಿಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ದೇಶದಾದ್ಯಂತ ಇದೆ. ಸರ್ಕಾರಿ ಆಸ್ಪತ್ರೆಗೆ ಬಂದ ಯಾವ ಗರ್ಭಿಣಿಗೂ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ವಾಹನ, ಮನೆಗೆ ಬಿಡುವ ವಾಹನ ಎಲ್ಲ ಉಚಿತ. ಯಾರಾದರೂ ಕೈ ಚಾಚಿದರೆ 104ಕ್ಕೆ ಕರೆ ಮಾಡಿ ದೂರು ಹೇಳಿ.

ಕಾರ್ಡಿನ ಬಗ್ಗೆ ಚಿಂತೆ ಬೇಡ. ಯಾವ ಭಾಷೆಯಲ್ಲಿದ್ದರೂ ನಮಗೆ ಬೇಕಾದದ್ದು ಅಂಕಿ: ರಕ್ತದೊತ್ತಡ, ಹಿಮೋಗ್ಲೋಬಿನ್, ತೂಕ, ರಕ್ತದ ಗುಂಪು, ಕೊನೆಯ ಮುಟ್ಟಿನ ದಿನಾಂಕ. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲೆ ಎಂದು ಎಲ್ಲಾದರೂ ಕಂಡರೆ, ಅಥವಾ ಮಗಳು ತಲೆನೋವು, ಕಣ್ಣು ಮಂಜು, ಮುಖ ಊತ ಎಂದರೆ 9ನೇ ತಾರೀಕಿಗೆ ಕಾಯಬೇಡಿ, ಅಂದೇ ಕರೆತನ್ನಿ. ಮಗು ಅಲುಗಾಡುವುದು ಕಡಿಮೆಯಾದರೂ ಅಷ್ಟೇ.

ಆಶಾ, ಶಹಾಪುರ ತಾಲ್ಲೂಕು

ಕಾಕಾ, ನಮ್ಮೂರಿನಲ್ಲಿ ಈಚೆಗೆ ಒಂದು ರೂಢಿ ಮಾಡಿಸಿದ್ದೇನೆ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅಡಿಕೆ, ಉತ್ತುತ್ತಿಯ ಜೊತೆ ತಾಯಿ ಕಾರ್ಡನ್ನೂ ಉಡಿಯಲ್ಲಿ ಹಾಕಿಸುತ್ತೇನೆ. ಮೊದಲ ಸಲ ಹೇಳಿದಾಗ ಒಬ್ಬ ಅಜ್ಜಿ, "ಉಡಿಯೊಳಗೆ ಕಾಗದ ಹಾಕುವುದು ಶಾಸ್ತ್ರದಲ್ಲಿ ಎಲ್ಲಿದೆ?" ಎಂದು ರೇಗಿದರು. "ಅಜ್ಜಿ, ಉಡಿ ತುಂಬುವುದು ಮಗು ಸುಖವಾಗಿ ಬರಲೆಂದು ತಾನೇ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿ ತಾವೇ ಹಾಕಿದರು. ಹಿಮೋಗ್ಲೋಬಿನ್ ಸಾಲಿನ ಮೇಲೆಯೇ ಕುಂಕುಮ ಬಿತ್ತು, ಅದು ಬೇರೆ ಮಾತು. ಸಿಸ್ಟರ್ ನನಗೆ ಬೈದರು.

ಭಾಲ್ಕಿ ಸಿಸ್ಟರ್ (ನಿವೃತ್ತಿ)

ನಾನಾಗಿದ್ದರೂ ಬೈಯುತ್ತಿದ್ದೆ. ಆಮೇಲೆ ನನ್ನ ಉಪಕೇಂದ್ರದ ಎಲ್ಲ ಊರುಗಳಲ್ಲೂ ಅದನ್ನೇ ಮಾಡಿಸುತ್ತಿದ್ದೆ.

ಆದರೆ ಗಂಡನೂರಿನ ಆಶಾ ಮಾಡಬೇಕಾದ ಒಂದು ಫೋನ್ ಕರೆಯನ್ನು ಕುಬಸದ ಶಾಸ್ತ್ರಕ್ಕೆ ಒಪ್ಪಿಸಿ ಇಲಾಖೆ ಕೈ ತೊಳೆದುಕೊಳ್ಳಬಾರದು. ಕಾರ್ಡಿನ ಮೇಲಿರುವ ಆರ್‌ಸಿಎಚ್ ನಂಬರ್, ಅಂದರೆ ಗರ್ಭಿಣಿಯ ನೋಂದಣಿ ಸಂಖ್ಯೆ, ಹುಡುಗಿ ಎಲ್ಲಿಗೆ ಹೋದರೂ ಒಂದೇ. ಆ ನಂಬರ್ ಹಿಡಿದು ತವರೂರಿನ ಸಿಸ್ಟರಿಗೆ ಒಂದು ಮಾತು ಮುಟ್ಟಿಸಿದರೆ ಸಾಕು. ತಿಂಗಳ ಸಭೆಯಲ್ಲಿ ಎಷ್ಟು ನೋಂದಣಿಯಾಯಿತು ಎಂದು ಕೇಳುವ ಸಾಹೇಬರು, ಎಷ್ಟು ಜನರನ್ನು ಬೇರೆ ಊರಿಗೆ ಒಪ್ಪಿಸಿದಿರಿ ಎಂದು ಕೇಳಿದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಕೇಳಲಿಲ್ಲ.

ಕಾಗಿಣಾ ದಂಡೆ

ನಿನ್ನೆ ನಮ್ಮ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಬೆಳಗಿನ ಜೇವರ್ಗಿ ಬಸ್ಸಿನ ಕಂಡಕ್ಟರ್ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟುಹೋದರು. ಒಳಗೆ ಕಾರ್ಡ್, ಮೂರು ಪಟ್ಟಿ ಮಾತ್ರೆ, ಜೊತೆಗೆ ಅತ್ತೆ ಕಳುಹಿಸಿದ ಅಂಟಿನ ಉಂಡೆ. ಮಗು ಹುಟ್ಟಿ ಹನ್ನೆರಡು ದಿನಕ್ಕೆ ಕಾರ್ಡ್ ತವರಿಗೆ ಬಂತು. ಎರಡು ಜೆರಾಕ್ಸ್ ತೆಗೆದು ಒಂದನ್ನು ನಮ್ಮೂರ ಆಶಾ ಅಕ್ಕನ ಮನೆಗೆ ಮುಟ್ಟಿಸಿ ಬಂದೆ. ನಾಳೆ 14ನೇ ದಿನ, ತಕ್ಕಡಿ ತೆಗೆದುಕೊಂಡು ಬರುತ್ತೇನೆ ಎಂದಿದ್ದಾರೆ. 7ನೇ ದಿನ ಬಂದಾಗ ಮಗು 2.3ರಲ್ಲೇ ಇತ್ತು.

ಅಂಗಡಿಗೆ ತಾಯಿ ಕಾರ್ಡ್ ತರುವವರನ್ನು ಈಗ ನಾನೇ ಕೇಳುತ್ತಿದ್ದೇನೆ, ಹೆರಿಗೆ ಇಲ್ಲೋ ತವರಿನಲ್ಲೋ ಎಂದು. ಇವನಿಗೇಕೆ ಈ ಉಸಾಬರಿ ಎನ್ನುವಂತೆ ನೋಡುತ್ತಾರೆ. ನೋಡಲಿ.

ತೊಗರಿ ಹೊಲ

ಕುಬಸ ಬರುವ ಸೋಮವಾರ. ಕಾರ್ಡ್, ಮಾತ್ರೆ, ಅಲ್ಲಿನ ಆಶಾ ನಂಬರ್. ಇಷ್ಟೇ ತಾನೇ?

ಭಾಲ್ಕಿ ಸಿಸ್ಟರ್ (ನಿವೃತ್ತಿ)

ಸ್ಕ್ಯಾನ್ ಮಾಡಿಸಿದ ಚೀಟಿಯನ್ನೂ ಕೇಳಿ. ಅದು ಬಹುಶಃ ಅಳಿಯನ ಬೀರುವಿನಲ್ಲಿರುತ್ತದೆ.